ಆಲ್ತೇಯ: ಉಪ್ಪುಜೌಗಿನ ಒಂದು ಹೂಗಿಡದ ಹೆಸರು, ಲಕ್ಷಣ ಮತ್ತು ಗುಣ

ವೈದ್ಯಗ್ರಂಥಗಳ ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಪಾಠನಿರ್ಣಯಕ್ಕಿಂತಲೂ ಕಠಿನವಾದ ಕಾರ್ಯವೆಂದರೆ ದ್ರವ್ಯನಿರ್ಣಯ. ಓಲೆಯ ಮೇಲಿನ ಅಕ್ಷರಗಳು ಸ್ಪಷ್ಟವಾಗಿರಬಹುದು, ಲಭ್ಯವಿರುವ ಪ್ರತಿಗಳೆಲ್ಲವೂ ಒಂದೇ ಪಾಠವನ್ನು ಕೊಡಬಹುದು, ಛಂದಸ್ಸೂ ಸರಿಹೋಗಬಹುದು. ಆದರೂ ಆ ಹೆಸರಿನಿಂದ ಗ್ರಂಥಕಾರನು ಯಾವ ಗಿಡವನ್ನು ಉದ್ದೇಶಿಸಿದ್ದನೆಂಬುದು ತಿಳಿಯದೆ ಉಳಿಯುವುದುಂಟು. ರಾಸ್ನಾ, ಶಂಖಪುಷ್ಪೀ ಮೊದಲಾದ ಹೆಸರುಗಳಿಂದ ಒಂದೊಂದು ಪ್ರಾಂತದಲ್ಲಿ ಒಂದೊಂದು ಮೂಲಿಕೆಯನ್ನು ಗ್ರಹಿಸುವುದು ಪಂಡಿತರಿಗೆ ತಿಳಿದ ಸಂಗತಿಯೇ ಆಗಿದೆ. ಸಂದಿಗ್ಧದ್ರವ್ಯಗಳ ಈ ತೊಡಕು ಭಾರತೀಯ ಗ್ರಂಥಗಳಿಗೆ ಮಾತ್ರ ಸೇರಿದ್ದಲ್ಲ. ಗ್ರೀಕ್, ಲ್ಯಾಟಿನ್, ಅರಬ್ಬೀ ವೈದ್ಯಪರಂಪರೆಗಳೂ ಇದನ್ನು ಶತಮಾನಗಳ ಕಾಲ ಅನುಭವಿಸಿವೆ. ಅವುಗಳಲ್ಲಿ ಒಂದು ಗಿಡದ ಚರಿತ್ರೆ ವಿಶೇಷವಾಗಿ ವಿಚಾರಣೀಯವಾಗಿದೆ. ಅದು ಗ್ರೀಕರು ಆಲ್ತೇಯ ಎಂದು ಕರೆದ, ಇಂಗ್ಲಿಷಿನಲ್ಲಿ ಮಾರ್ಷ್ ಮ್ಯಾಲೋ ಎಂದು ಪ್ರಸಿದ್ಧವಾದ, ಕಡಲಂಚಿನ ಉಪ್ಪುಜೌಗಿನಲ್ಲಿ ಬೆಳೆಯುವ ಹೂಗಿಡ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಆಲ್ತೇಯ ಅಫಿಸಿನಾಲಿಸ್ ಎಂದು ಹೆಸರು. ಲಿನೇಯಸನು 1753ರಲ್ಲಿ ಪ್ರಕಟಿಸಿದ ತನ್ನ ಸಸ್ಯಗ್ರಂಥದಲ್ಲಿ ಈ ಹೆಸರನ್ನು ಸ್ಥಿರಗೊಳಿಸಿದನು. ಅಫಿಸಿನಾಲಿಸ್ ಎಂದರೆ ಔಷಧಿಯ ಉಗ್ರಾಣಕ್ಕೆ ಸೇರಿದ್ದು ಎಂದರ್ಥ.

ಉಪ್ಪುಜೌಗು ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ನದಿಯು ಸಮುದ್ರವನ್ನು ಸೇರುವಲ್ಲಿ, ಭರತದ ನೀರು ಏರಿ ಇಳಿಯುವ ತಗ್ಗುನೆಲದಲ್ಲಿ, ಹೂಳು ನಿಂತು ಹುಲ್ಲು ಮೊಳೆತ ಪ್ರದೇಶವಿದು. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯ ಮುಖದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯನ್ನು ಕಂಡವರು ಇದರ ಸ್ವರೂಪವನ್ನು ಸುಲಭವಾಗಿ ಊಹಿಸಬಲ್ಲರು. ಆದರೆ ಆಲ್ತೇಯವು ಆ ಕರಾವಳಿಯ ಗಿಡವಲ್ಲ. ಯುರೋಪು, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾಗಳೇ ಅದರ ಸಹಜ ನೆಲೆ. ಅಲ್ಲಿಯೂ ಅದು ದಿನನಿತ್ಯ ಭರತದಲ್ಲಿ ಮುಳುಗುವ ಕೆಳಜೌಗಿನಲ್ಲಿ ನಿಲ್ಲುವುದಿಲ್ಲ. ಜೌಗಿನ ಮೇಲಂಚು, ಕಡಲ ಸಮೀಪದ ಕಾಲುವೆಗಳ ದಂಡೆ, ಉಪ್ಪುನೀರಿಗೆ ಸಿಹಿನೀರು ಬೆರೆತು ಸಪ್ಪೆಯಾದ ತೇವದ ನೆಲ, ಇವು ಅದಕ್ಕೆ ಒಗ್ಗುವ ಸ್ಥಳಗಳು. ಉಪ್ಪನ್ನು ಅದು ಬಯಸುತ್ತದೆ ಎನ್ನುವುದಕ್ಕಿಂತ ಸಹಿಸಿಕೊಳ್ಳುತ್ತದೆ ಎನ್ನುವುದೇ ಸರಿ. ತೋಟದ ಒದ್ದೆ ಮಣ್ಣಿನಲ್ಲಿ ಉಪ್ಪಿನ ಸೋಂಕಿಲ್ಲದೆಯೂ ಅದು ಸೊಂಪಾಗಿ ಬೆಳೆಯುವುದು ಇದಕ್ಕೆ ಪ್ರಮಾಣ.

ಗಿಡವು ಬಹುವಾರ್ಷಿಕ. ಚಳಿಗಾಲದಲ್ಲಿ ಮೇಲ್ಭಾಗವು ಒಣಗಿ, ಬೇರು ನೆಲದಲ್ಲಿ ಉಳಿದು, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಕಾಂಡವು ನೆಟ್ಟಗೆ ಎರಡರಿಂದ ನಾಲ್ಕು ಅಡಿ, ಕೆಲವೊಮ್ಮೆ ಆರಡಿಯವರೆಗೂ ಏರುವುದುಂಟು. ಕಾಂಡ, ಎಲೆಗಳೆಲ್ಲವೂ ನಕ್ಷತ್ರಾಕಾರದ ಸೂಕ್ಷ್ಮ ರೋಮಗಳಿಂದ ದಟ್ಟವಾಗಿ ಮುಚ್ಚಿಕೊಂಡಿರುವುದರಿಂದ ಗಿಡವೆಲ್ಲ ಬೂದುಹಸಿರಾಗಿ, ಮುಟ್ಟಿದರೆ ಮಖಮಲ್ಲಿನಂತೆ ಮೃದುವಾಗಿರುತ್ತದೆ. ಎಲೆ ಅಗಲವಾಗಿ, ಅಂಚು ಗರಗಸದಂತೆ, ಮೂರು ಅಥವಾ ಐದು ಆಳವಿಲ್ಲದ ಹಾಲೆಗಳುಳ್ಳದ್ದು. ಬೇಸಗೆಯ ಕೊನೆಗೆ, ಜುಲೈಯಿಂದ ಸೆಪ್ಟೆಂಬರಿನವರೆಗೆ, ಎಲೆಯ ಕಂಕುಳಲ್ಲಿ ಹೂಗಳು ಬಿಡುತ್ತವೆ. ಹೂವಿನ ಅಗಲ ಒಂದರಿಂದ ಒಂದೂವರೆ ಅಂಗುಲ, ದಳಗಳು ಐದು, ಬಣ್ಣ ಬಿಳುಪಿನಲ್ಲಿ ನಸುಗೆಂಪು ಬೆರೆತದ್ದು. ದಾಸವಾಳದ ಕುಟುಂಬಕ್ಕೆ ಸೇರಿದುದರಿಂದ ಕೇಸರಗಳೆಲ್ಲ ಕೂಡಿ ನಡುವೆ ಒಂದು ನಾಳವಾಗಿರುತ್ತವೆ. ಪರಾಗಕೋಶಗಳ ಬಣ್ಣ ನೇರಳೆಗೆಂಪು. ಪುಷ್ಪಪಾತ್ರೆಯ ಹೊರಗೆ ಇನ್ನೊಂದು ಚಿಕ್ಕ ಪಾತ್ರೆಯುಂಟು. ಅದರ ಎಸಳುಗಳು ಆರರಿಂದ ಒಂಬತ್ತು, ಬುಡದಲ್ಲಿ ಕೂಡಿಕೊಂಡಿರುತ್ತವೆ. ಈ ಎಣಿಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಸಮೀಪದ ಬಂಧುವಾದ ಮಾಲ್ವಾ ಜಾತಿಯಲ್ಲಿ ಈ ಹೊರಯೆಸಳುಗಳು ಮೂರೇ, ಅದೂ ಬಿಡಿಬಿಡಿಯಾಗಿರುತ್ತವೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಕಾಯಿ ಚಪ್ಪಟೆಯಾದ ಬಿಲ್ಲೆಯಂತಿದ್ದು, ಪಕ್ವವಾದಾಗ ಒಂದೊಂದು ಬೀಜವುಳ್ಳ ತುಂಡುಗಳಾಗಿ ಒಡೆಯುತ್ತದೆ. ಬೇರು ದಪ್ಪವಾಗಿ, ಹೊರಗೆ ಹಳದಿಮಿಶ್ರಿತ ಕಂದಾಗಿ, ಒಳಗೆ ಬೆಳ್ಳಗೆ ನಾರುನಾರಾಗಿ, ಬಾಯಲ್ಲಿಟ್ಟರೆ ಲೋಳೆಯಾಗಿ ಸವಿಯಾಗಿರುತ್ತದೆ. ಔಷಧಕ್ಕೆ ಎಲೆ, ಹೂ, ಬೀಜಗಳೂ ಸಲ್ಲುವುವಾದರೂ ಮುಖ್ಯವಾದದ್ದು ಬೇರೇ.

ಈ ಗಿಡದ ಪ್ರಾಚೀನ ವರ್ಣನೆ ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನ ಸಸ್ಯವಿಚಾರದ ಗ್ರಂಥದ ಒಂಬತ್ತನೆಯ ಭಾಗದಲ್ಲಿದೆ. ಕಾಲ ಕ್ರಿ.ಪೂ. 4ನೆಯ ಶತಮಾನದ ಕೊನೆ ಅಥವಾ 3ನೆಯ ಶತಮಾನದ ಆರಂಭ. ಆರ್ಕೇಡಿಯಾ ಪ್ರಾಂತದವರು ಆಲ್ತೇಯವನ್ನು ಕಾಡುಮಾಲ್ವಾ ಎಂದು ಕರೆಯುತ್ತಾರೆಂದು ಆತನು ಹೇಳುತ್ತಾನೆ. ಎಲೆ ಮಾಲ್ವಾದಂತೆ, ಆದರೆ ಅದಕ್ಕಿಂತ ದೊಡ್ಡದು, ಹೆಚ್ಚು ರೋಮಶ, ಕಾಂಡ ಮೃದು, ಬೇರು ನಾರಿನದು, ಬಿಳಿಯದು. ಮೂಳೆ ಮುರಿತಕ್ಕೂ, ಸಿಹಿಮದ್ಯದಲ್ಲಿ ಕೆಮ್ಮಿಗೂ, ಎಣ್ಣೆಯಲ್ಲಿ ವ್ರಣಕ್ಕೂ ಬಳಸುವರೆಂಬುದು ಅವನ ಮಾತಿನ ಸಾರ. ಇವೆಲ್ಲವೂ ಇಂದಿನ ಗಿಡಕ್ಕೆ ಸರಿಹೊಂದುತ್ತವೆ. ಆದರೆ ಹೂವಿನ ಬಣ್ಣವನ್ನು ಹೇಳುವಲ್ಲಿ ಮಾತ್ರ ಒಂದು ತೊಡಕಿದೆ. ಅಲ್ಲಿರುವ ಶಬ್ದಕ್ಕೆ ಕ್ವಿನ್ಸ್ ಹಣ್ಣಿನ ಬಣ್ಣದ್ದು, ಅಂದರೆ ಹಳದಿ, ಎಂದು ಅರ್ಥ. ಆಲ್ತೇಯದ ಹೂ ಎಂದೂ ಹಳದಿಯಲ್ಲ.

ಇದು ಲಿಪಿಕಾರನ ದೋಷವೋ, ಗ್ರಂಥಕಾರನೇ ಬೇರೊಂದು ಗಿಡವನ್ನು ಕಂಡಿದ್ದನೋ ಎಂಬ ಸಂದೇಹ ಸಹಜ. ಅದೇ ಕುಟುಂಬದಲ್ಲಿ ಹಳದಿ ಹೂವಿನ ಗಿಡಗಳಿಗೆ ಕೊರತೆಯಿಲ್ಲ. ಕನ್ನಡ ನಾಡಿನ ಹೊಲದ ಬದುಗಳಲ್ಲಿ ಬೆಳೆಯುವ ಶ್ರೀಮುದ್ರೆ, ಎಂದರೆ ಸಂಸ್ಕೃತ ನಿಘಂಟುಗಳ ಅತಿಬಲಾ, ಅಂಥದ್ದೇ. ಅದರ ಬಂಧುವಾದ ಇನ್ನೊಂದು ಹಳದಿ ಹೂವಿನ ಗಿಡಕ್ಕೆ 18ನೆಯ ಶತಮಾನದ ಸಸ್ಯಶಾಸ್ತ್ರಜ್ಞರು ಥಿಯೊಫ್ರಾಸ್ಟಸನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಬಣ್ಣವೊಂದರ ಮೇಲೆಯೇ ನಿರ್ಣಯವನ್ನು ನಿಲ್ಲಿಸುವುದು ಸಮಂಜಸವಾಗಿ ತೋರುವುದಿಲ್ಲ. ಏಕೆಂದರೆ ಥಿಯೊಫ್ರಾಸ್ಟಸನು ಆ ವರ್ಣನೆಗೆ ಸ್ವಲ್ಪ ಮುಂಚೆ ಇನ್ನೊಂದು ಸಂಗತಿಯನ್ನು ಹೇಳಿದ್ದಾನೆ. ಮೂಲಿಕೆಗಳ ಶಕ್ತಿ ಜೀವಿಗಳ ದೇಹದ ಮೇಲೆ ಮಾತ್ರವಲ್ಲ, ನಿರ್ಜೀವ ಪದಾರ್ಥಗಳ ಮೇಲೂ ನಡೆಯುವುದೆಂದು ತೋರಿಸುವ ಸಂದರ್ಭವದು. ಆಲ್ತೇಯದ ಬೇರನ್ನು ಅರೆದು ನೀರಿಗೆ ಹಾಕಿ ಬಯಲಿನಲ್ಲಿಟ್ಟರೆ ನೀರು ಹೆಪ್ಪುಗಟ್ಟುತ್ತದೆ ಎಂಬುದೇ ಆ ಸಂಗತಿ.

ಕ್ರಿ.ಶ. 1ನೆಯ ಶತಮಾನದ ಡಯಾಸ್ಕೊರಿಡೀಸನು ಇದೇ ಮಾತನ್ನು ಪುನಃ ಹೇಳುತ್ತಾನೆ. ಏಷ್ಯಾ ಮೈನರಿನ ಅನಾಜಾರ್ಬಸ್ ಊರಿನವನಾದ ಈತನ ಔಷಧದ್ರವ್ಯಗಳ ಗ್ರಂಥವು ಮುಂದಿನ ಸಾವಿರದ ಐನೂರು ವರ್ಷಗಳ ಕಾಲ ಪಶ್ಚಿಮದ ನಿಘಂಟುಗಳಿಗೆಲ್ಲ ಆಧಾರವಾಯಿತು. ಆಲ್ತೇಯಕ್ಕೆ ಇಬಿಸ್ಕೋಸ್ ಎಂಬ ಪರ್ಯಾಯನಾಮವನ್ನು ಕೊಟ್ಟು, ಅದರ ಹಲವು ಉಪಯೋಗಗಳಿಂದಾಗಿ ಆ ಹೆಸರು ಬಂದಿತೆನ್ನುತ್ತಾನೆ. ಗ್ರೀಕಿನಲ್ಲಿ ಗುಣಪಡಿಸು ಎಂಬರ್ಥದ ಧಾತುವಿನಿಂದ ಆ ಶಬ್ದ ಹುಟ್ಟಿದೆ. ಇವನ ವರ್ಣನೆಯಲ್ಲಿ ಹೂ ಗುಲಾಬಿಯಂಥದ್ದು, ಕಾಂಡ ಎರಡು ಮೊಳ, ಬೇರು ಜಿಗುಟು, ಒಳಗೆ ಬಿಳುಪು. ಗಾಯ, ಗಂಟು, ಬಾವು, ಸುಟ್ಟಗಾಯ, ಮೂತ್ರಕೃಚ್ಛ್ರ, ಅಶ್ಮರಿ, ಅತಿಸಾರ, ಹಲ್ಲುನೋವು, ಜೇನುಹುಳದ ಕಡಿತ ಎಂದು ರೋಗಗಳ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಕಡೆಗೆ, ಕೊಚ್ಚಿದ ಬೇರು ಬಯಲಿನಲ್ಲಿಟ್ಟ ನೀರನ್ನು ದಪ್ಪಗೊಳಿಸುತ್ತದೆ ಎಂಬ ಮಾತು ಬರುತ್ತದೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿಯೂ ಇದನ್ನು ಆಶ್ಚರ್ಯವೆಂದು ಎತ್ತಿ ಹೇಳಿ, ನೀರು ಹಾಲಿನಂತಾಗುತ್ತದೆ, ಬೇರು ಹಸಿಯಾದಷ್ಟೂ ಇದು ಚೆನ್ನಾಗಿ ನಡೆಯುತ್ತದೆ ಎಂದು ಸೇರಿಸುತ್ತಾನೆ.

ಲಕ್ಷಣವಿಚಾರದಲ್ಲಿ ನುರಿತ ಓದುಗರಿಗೆ ಇಲ್ಲಿ ಅಭಿನವ ಧರ್ಮಭೂಷಣಯತಿಯ ‘ನ್ಯಾಯದೀಪಿಕೆ’ ನೆನಪಾಗದಿರದು. ಲಕ್ಷಣವು ಆತ್ಮಭೂತ, ಅನಾತ್ಮಭೂತ ಎಂದು ಎರಡು ಬಗೆ. ಅಗ್ನಿಗೆ ಉಷ್ಣತೆಯಂತೆ ವಸ್ತುವಿನ ಸ್ವರೂಪದಲ್ಲಿಯೇ ಸೇರಿರುವುದು ಆತ್ಮಭೂತ. ಪುರುಷನ ಕೈಯಲ್ಲಿರುವ ದಂಡದಂತೆ ಹೊರಗಿನಿಂದ ಬಂದು ಸೇರಿದುದು ಅನಾತ್ಮಭೂತ. ಈ ದೃಷ್ಟಿಯಿಂದ ನೋಡಿದರೆ ಗಿಡದ ಹೆಸರು ಬರಿಯ ದಂಡ. ಅದನ್ನು ಒಬ್ಬನ ಕೈಯಿಂದ ತೆಗೆದು ಇನ್ನೊಬ್ಬನ ಕೈಗೆ ಕೊಡಬಹುದು. ನೀರನ್ನು ದಪ್ಪಗೊಳಿಸುವ ಗುಣವಾದರೋ ಬೇರನ್ನು ಬಿಟ್ಟು ಹೋಗುವಂಥದ್ದಲ್ಲ. ಆಲ್ತೇಯದ ಹಸ್ತಪ್ರತಿ ಪರಂಪರೆಯನ್ನು ಪರಿಶೀಲಿಸಿದಾಗ ಹೆಸರು ಎಷ್ಟು ಅಲೆಯಿತು, ಈ ಗುಣ ಹೇಗೆ ನಿಂತಿತು ಎಂಬುದು ಕಂಡುಬರುತ್ತದೆ.

ಡಯಾಸ್ಕೊರಿಡೀಸನು ತನ್ನ ದ್ರವ್ಯಗಳನ್ನು ಗುಣಸಾಮ್ಯಕ್ಕೆ ಅನುಸಾರವಾಗಿ ಜೋಡಿಸಿದ್ದನು. ಅಕ್ಷರಾನುಕ್ರಮದಲ್ಲಿ ಬರೆದ ಪೂರ್ವಿಕರನ್ನು ಅವನು ಪೀಠಿಕೆಯಲ್ಲಿ ಆಕ್ಷೇಪಿಸಿಯೂ ಇದ್ದಾನೆ. ಹಾಗೆ ಮಾಡಿದರೆ ಒಂದೇ ಗುಣದ ದ್ರವ್ಯಗಳು ಚದರಿಹೋಗುವುವೆಂದು ಅವನ ವಾದ. ಆದರೆ ಅವನ ಗ್ರಂಥಕ್ಕೇ ಆ ಗತಿ ಬಂದೊದಗಿತು. ಕ್ರಿ.ಶ. ಸುಮಾರು 512ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅನಿಸಿಯಾ ಜೂಲಿಯಾನಾ ಎಂಬ ರಾಜಕುಮಾರಿಗಾಗಿ ಸಿದ್ಧವಾದ ಪ್ರಸಿದ್ಧ ಸಚಿತ್ರ ಚರ್ಮಪತ್ರದ ಪ್ರತಿಯಲ್ಲಿ ಮೂಲಿಕೆಗಳು ಅಕ್ಷರಾನುಕ್ರಮದಲ್ಲಿಯೇ ಇವೆ. ಸುಮಾರು 490 ಪತ್ರಗಳ ಈ ಪ್ರತಿ ಈಗ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇದರ ಚರಿತ್ರೆಯೂ ಸ್ವಾರಸ್ಯವಾದುದೇ. 1406ರಲ್ಲಿ ಜಾನ್ ಖೊರ್ಟಾಸ್ಮೆನೋಸನು ಇದನ್ನು ಜೀರ್ಣೋದ್ಧಾರ ಮಾಡಿ ಮತ್ತೆ ಹೊಲಿದು ಕಟ್ಟಿದನು. 1453ರ ನಂತರ ಅದು ತುರ್ಕರ ನಗರದಲ್ಲಿ ಉಳಿದು, ಸುಲ್ತಾನ ಸುಲೈಮಾನನ ಯೆಹೂದಿ ವೈದ್ಯನ ಮಗನ ಕೈಯಲ್ಲಿದ್ದಾಗ, ರಾಯಭಾರಿ ಬುಸ್ಬೆಕ್ ಅದನ್ನು ಕಂಡನು. ನೂರು ಡುಕಾಟುಗಳ ಬೆಲೆಗೆ ಹೆದರಿ ತಾನು ಕೊಳ್ಳಲಾರದೆ ಚಕ್ರವರ್ತಿಗೆ ಶಿಫಾರಸು ಮಾಡಿದನು. 1569ರಲ್ಲಿ ಅದು ವಿಯೆನ್ನಾಕ್ಕೆ ಬಂದಿತು. ಗ್ರೀಕ್ ಹೆಸರುಗಳ ಪಕ್ಕದಲ್ಲಿ ಅರಬ್ಬೀ, ಹೀಬ್ರೂ ಲಿಪಿಗಳಲ್ಲಿ ಗಿಡದ ಹೆಸರುಗಳನ್ನು ಬೇರೆ ಬೇರೆ ಕೈಗಳು ಬರೆದಿರುವುದು ಇದರ ವಿಶೇಷ. ಒಂದೇ ಹಾಳೆಯ ಮೇಲೆ ಮೂರು ಜನಾಂಗಗಳ ವೈದ್ಯರು ದ್ರವ್ಯನಿರ್ಣಯಕ್ಕೆ ಹೆಣಗಿದ ಗುರುತುಗಳಿವು.

ಲ್ಯಾಟಿನ್ ಶಾಖೆಯಲ್ಲಿ ಗಿಡದ ಹೆಸರು ಮತ್ತಷ್ಟು ಕವಲೊಡೆಯಿತು. ಗ್ರೀಕಿನ ಇಬಿಸ್ಕೋಸ್ ಹಿಬಿಸ್ಕುಮ್ ಆಯಿತು. ಷಾರ್ಲಮೇನನ ಕಾಲದಲ್ಲಿ, ಕ್ರಿ.ಶ. ಸುಮಾರು 800ರಲ್ಲಿ, ರಾಜತೋಟಗಳಲ್ಲಿ ಬೆಳೆಸಬೇಕಾದ ಗಿಡಮರಗಳನ್ನು ಪಟ್ಟಿ ಮಾಡಿದ ಒಂದು ಶಾಸನವುಂಟು. ಜರ್ಮನಿಯ ವೊಲ್ಫೆನ್‌ಬ್ಯುಟೆಲ್ ಗ್ರಂಥಾಲಯದ ಒಂದೇ ಒಂದು ಹಸ್ತಪ್ರತಿಯಲ್ಲಿ ಅದು ಉಳಿದುಬಂದಿದೆ. ಆ ಪಟ್ಟಿಯಲ್ಲಿ ಈ ಗಿಡಕ್ಕೆ ಮಿಸ್ಮಾಲ್ವಾ ಎಂಬ ಹೆಸರಿದ್ದು, ಅದೇ ಆಲ್ತೇಯವೆಂಬ ವಿವರಣೆಯೂ ಜೊತೆಗಿದೆ. ಇತರ ಗ್ರಂಥಗಳಲ್ಲಿ ಬಿಸ್ಮಾಲ್ವಾ ಎಂಬ ರೂಪ ದೊರೆಯುತ್ತದೆ. ಅರಮನೆಯ ಅಧಿಕಾರಿಗಳಿಗೆ ಬರೆದ ಆಜ್ಞೆಯಲ್ಲಿಯೇ ಒಂದು ಹೆಸರಿಗೆ ಇನ್ನೊಂದು ಹೆಸರಿನಿಂದ ಟೀಕೆ ಬರೆಯಬೇಕಾಯಿತೆಂದರೆ ಆ ವೇಳೆಗಾಗಲೇ ಹೆಸರು ಅರ್ಥಬೋಧಕವಾಗಿ ಉಳಿದಿರಲಿಲ್ಲವೆಂದೇ ಹೇಳಬೇಕು.

ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಪರಿಹಾರ ದೊರೆಯಿತು. ಅಪುಲೇಯಸನ ಹೆಸರಿನಲ್ಲಿ ಪ್ರಚಾರದಲ್ಲಿದ್ದ, ಆದರೆ ಅವನದಲ್ಲದ, ಒಂದು ಲ್ಯಾಟಿನ್ ಮೂಲಿಕಾಗ್ರಂಥವನ್ನು ಹಳೆಯ ಇಂಗ್ಲಿಷಿಗೆ ಅನುವಾದಿಸಿದ್ದರು. 11ನೆಯ ಶತಮಾನದ ಇದರ ಸಚಿತ್ರ ಪ್ರತಿಯೊಂದು ಕಾಟನ್ ಸಂಗ್ರಹದಲ್ಲಿತ್ತು. 1731ರ ಬೆಂಕಿಯಲ್ಲಿ ಸುಟ್ಟು ಗಾಯಗೊಂಡರೂ ನಾಶವಾಗದೆ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಅನುವಾದಕನು ಹಿಬಿಸ್ಕುಮ್ ಎಂಬ ಅಪರಿಚಿತ ಶಬ್ದವನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಮೆರ್ಷ್‌ಮೆಆಲ್ವೆ, ಅಂದರೆ ಜೌಗಿನ ಮಾಲ್ವಾ, ಎಂಬ ದೇಶೀಯ ಹೆಸರನ್ನು ಕೊಟ್ಟನು. ಒದ್ದೆನೆಲದಲ್ಲಿ ಹುಟ್ಟುವುದೆಂದೂ ಸೇರಿಸಿದನು. ಬೆಳೆಯುವ ಸ್ಥಳವನ್ನೇ ಹೆಸರಿನೊಳಗೆ ಕೂಡಿಸಿದ ಈ ರೂಪವೇ ಮಾರ್ಷ್ ಮ್ಯಾಲೋ ಎಂದು ಸಾವಿರ ವರ್ಷಗಳ ನಂತರವೂ ಬಳಕೆಯಲ್ಲಿದೆ. ಆ ಸಂಪ್ರದಾಯದ ಚಿತ್ರಗಳಾದರೋ ಬಹುಮಟ್ಟಿಗೆ ಗಿಡವನ್ನು ನೋಡಿ ಬರೆದುವಲ್ಲ. ಹಿಂದಿನ ಪ್ರತಿಯ ಚಿತ್ರವನ್ನು ನೋಡಿ ಬರೆದುವು. ಪ್ರತಿಯಿಂದ ಪ್ರತಿಗೆ ಎಲೆ ಸರಳವಾಗುತ್ತದೆ, ಕವಲುಗಳು ಸಮವಾಗುತ್ತವೆ, ಕೊನೆಗೆ ಗಿಡ ರಂಗವಲ್ಲಿಯಾಗುತ್ತದೆ. ಓಲೆಯ ಪ್ರತಿಯಲ್ಲಿ ಅಕ್ಷರವು ಸವೆಯುವಂತೆಯೇ ಇದು. 1542ರಲ್ಲಿ ಲಿಯೊನ್‌ಹಾರ್ಟ್ ಫುಕ್ಸನು ಜೀವಂತ ಗಿಡಗಳನ್ನು ಮುಂದಿಟ್ಟುಕೊಂಡು ಚಿತ್ರಕಾರರಿಂದ ಬರೆಯಿಸಿ ಗ್ರಂಥವನ್ನು ಅಚ್ಚು ಹಾಕಿಸುವವರೆಗೆ ಈ ಸ್ಥಿತಿ ಹೆಚ್ಚಾಗಿ ಬದಲಾಗಲಿಲ್ಲ.

ಇನ್ನು ಔಷಧಗುಣದ ವಿಚಾರ. ಮಧು-ಮದ್ಯ-ಮಾಂಸಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದ ಉಗ್ರಾದಿತ್ಯನ ‘ಕಲ್ಯಾಣಕಾರಕ’ವನ್ನು ಬಲ್ಲವರಿಗೆ ಈ ಪಾಶ್ಚಾತ್ಯ ಗ್ರಂಥಗಳನ್ನು ಓದುವಾಗ ಒಂದು ಪ್ರಶ್ನೆ ಏಳುವುದು ಸಹಜ. ಥಿಯೊಫ್ರಾಸ್ಟಸನು ಬೇರನ್ನು ಸಿಹಿಮದ್ಯದಲ್ಲಿ ಕೊಡಿಸುತ್ತಾನೆ. ಡಯಾಸ್ಕೊರಿಡೀಸನು ಜೇನುನೀರಿನಲ್ಲಿ, ಮದ್ಯದಲ್ಲಿ ಬೇಯಿಸಿ, ಕೆಲವೆಡೆ ಹಂದಿಯ ಅಥವಾ ಬಾತಿನ ಕೊಬ್ಬಿನೊಡನೆ ಕೂಡಿಸಿ ಪ್ರಯೋಗಿಸುತ್ತಾನೆ. ಹಳೆಯ ಇಂಗ್ಲಿಷ್ ಗ್ರಂಥವು ಕಾಲುಬೇನೆಗೆ ಹಳೆಯ ಕೊಬ್ಬಿನಲ್ಲಿ ಅರೆದು ಹಚ್ಚಲು ಹೇಳುತ್ತದೆ. ಗುಣವು ಬೇರಿನದೋ ಅನುಪಾನದ್ದೋ? ಈ ಪ್ರಶ್ನೆಗೆ ಆ ಗ್ರಂಥಗಳು ಉತ್ತರ ಕೊಡುವುದಿಲ್ಲ. ಆಧುನಿಕ ರಸಾಯನಶಾಸ್ತ್ರ ಕೊಡುತ್ತದೆ.

ಒಣಗಿದ ಬೇರಿನಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಲೋಳೆಯ ಅಂಶವಿರುತ್ತದೆ. ಹೇಮಂತ-ಶಿಶಿರಗಳಲ್ಲಿ ಹೆಚ್ಚು, ವಸಂತದಲ್ಲಿ ಕಡಿಮೆ. ಆದುದರಿಂದ ಬೇರನ್ನು ಎಲೆ ಬಾಡಿದ ಮೇಲೆ ಕೀಳುವುದು ವಾಡಿಕೆ. ಇದಲ್ಲದೆ ಶೇಕಡಾ 25ರಿಂದ 35ರವರೆಗೆ ಪಿಷ್ಟ, ಜೊತೆಗೆ ಪೆಕ್ಟಿನ್, ಸಕ್ಕರೆಗಳೂ ಇವೆ. 19ನೆಯ ಶತಮಾನದ ಆರಂಭದಲ್ಲಿ ಈ ಬೇರಿನಿಂದ ಒಂದು ಹರಳನ್ನು ಬೇರ್ಪಡಿಸಿ, ಹೊಸ ಪದಾರ್ಥವೆಂದು ಭಾವಿಸಿ, ಆಲ್ತೇಯಿನ್ ಎಂದು ಹೆಸರಿಟ್ಟರು. ಮುಂದೆ ಪರೀಕ್ಷಿಸಿದಾಗ ಅದು 1806ರಲ್ಲಿ ವೋಕ್ಲ್ಯಾನ್ ಮತ್ತು ರೊಬಿಕೇ ಶತಾವರಿಯ ಬಂಧುವಾದ ಆಸ್ಪರಾಗಸ್ ಗಿಡದಿಂದ ತೆಗೆದಿದ್ದ ಆಸ್ಪರಜಿನ್ ಎಂಬುದೇ ಎಂದು ತಿಳಿಯಿತು. ಒಂದು ವಸ್ತುವಿಗೆ ಎರಡು ಹೆಸರು ಬೀಳುವುದು ಓಲೆಗರಿಯ ಲೋಕಕ್ಕೇ ಮೀಸಲಲ್ಲವಷ್ಟೆ.

ಲೋಳೆಯು ತಣ್ಣೀರಿನಲ್ಲಿಯೇ ಕರಗಿ ಬರುತ್ತದೆ. ಪಿಷ್ಟಕ್ಕೆ ಬಿಸಿನೀರು ಬೇಕು. ಕುದಿಸಿದರೆ ಅದು ಗಂಜಿಯಾಗಿ ಲೋಳೆಯೊಡನೆ ಬೆರೆತುಬಿಡುತ್ತದೆ. ಆದುದರಿಂದ ಇಂದಿನ ಔಷಧಸಂಹಿತೆಗಳಲ್ಲಿ ಬೇರನ್ನು ಕುದಿಸದೆ, ತುಂಡು ಮಾಡಿ ತಣ್ಣೀರಿನಲ್ಲಿ ನೆನೆಯಿಟ್ಟು ಸೋಸಿ ಕುಡಿಯುವ ವಿಧಾನವೇ ಮುಖ್ಯವಾಗಿದೆ. ಆಯುರ್ವೇದದ ಪರಿಭಾಷೆಯಲ್ಲಿ ಇದು ಹಿಮಕಷಾಯಕ್ಕೆ ಸಮೀಪವಾದುದು. ಥಿಯೊಫ್ರಾಸ್ಟಸನು ಹೇಳಿದ ಬಯಲಿನಲ್ಲಿಟ್ಟ ನೀರಿನ ಪ್ರಯೋಗವೂ ಇದೇ ಅಲ್ಲವೆ? ಪ್ಲಿನಿಯು ಕಂಡ ಹಾಲಿನಂಥ ಬಿಳುಪು ಅರೆದ ಬೇರಿನಿಂದ ತೇಲಿಬಂದ ಪಿಷ್ಟದ ಕಣಗಳದ್ದಿರಬೇಕು. ಮದ್ಯವೂ ಜೇನೂ ಕೊಬ್ಬೂ ಇಲ್ಲಿ ಅನಾವಶ್ಯಕ. ಮದ್ಯಸಾರವು ಹೆಚ್ಚಾದರೆ ಲೋಳೆಯು ಕರಗುವುದರ ಬದಲು ಬೇರ್ಪಟ್ಟು ತಳಕ್ಕೆ ಕೂಡುತ್ತದೆ. ಔಷಧವು ಬೇರು, ಅದರ ಯೋಗ್ಯ ಅನುಪಾನ ತಣ್ಣೀರು, ಉಳಿದುದು ದೇಶಾಚಾರ ಎನ್ನಬೇಕಾಗುತ್ತದೆ.

ಲೋಳೆಯು ಬಾಯಿ, ಗಂಟಲು, ಜಠರಗಳ ಒಳಪೊರೆಗೆ ತೆಳುವಾಗಿ ಅಂಟಿಕೊಂಡು ಉರಿಯನ್ನು ಶಮನಗೊಳಿಸುತ್ತದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಗಂಟಲಿನ ಕೆರೆತ, ಅದರಿಂದ ಬರುವ ಒಣಕೆಮ್ಮು ಮತ್ತು ಜಠರದ ಅಲ್ಪ ಬಾಧೆಗಳಿಗೆ ಇದರ ಬಳಕೆಯನ್ನು ಪರಂಪರಾಗತ ಪ್ರಯೋಗವೆಂದು ಅಂಗೀಕರಿಸಿದೆ. ಅದೇ ಪೊರೆಯು ಇತರ ಔಷಧಗಳು ದೇಹಕ್ಕೆ ಸೇರುವುದನ್ನು ತಡಮಾಡಬಹುದೆಂಬ ಎಚ್ಚರಿಕೆಯೂ ಉಂಟು. ಡಯಾಸ್ಕೊರಿಡೀಸನ ದೀರ್ಘ ಪಟ್ಟಿಯಲ್ಲಿ ಅಶ್ಮರಿಯನ್ನಾಗಲಿ ವಿಷದ ಕಡಿತವನ್ನಾಗಲಿ ಇದು ನಿವಾರಿಸುವುದೆಂದು ನಂಬಲು ಆಧಾರವಿಲ್ಲ. ಕೆಮ್ಮು ಮಾತ್ರ ಥಿಯೊಫ್ರಾಸ್ಟಸನಿಂದ ಇಂದಿನವರೆಗೆ ಬಿಡದೆ ನಿಂತಿದೆ.

ಬೇರಿನ ಗುಣ ಹೀಗೆ ಸ್ಥಿರವಾಗಿರಲು, ಹೆಸರು ಬೇರನ್ನೇ ಬಿಟ್ಟು ಹೋದ ಎರಡು ನಿದರ್ಶನಗಳನ್ನು ಹೇಳದೆ ವಿಷಯ ಪೂರ್ಣವಾಗದು. ಮಧ್ಯಯುಗದ ಸಲೆರ್ನೋ ವೈದ್ಯಶಾಲೆಯ ಪರಂಪರೆಯಲ್ಲಿ ದಿಯಾಲ್ತೇಯ ಎಂಬ ಮುಲಾಮು ಪ್ರಸಿದ್ಧವಾಗಿತ್ತು. ಆಲ್ತೇಯದ ಬೇರು, ಅಗಸೆ, ಮೆಂತ್ಯಗಳ ಲೋಳೆಯನ್ನು ಎಣ್ಣೆ, ಮೇಣಗಳೊಡನೆ ಪಾಕ ಮಾಡಿದುದು ಅದು. ಕಾಲಕ್ರಮದಲ್ಲಿ ಬೇರೂ ಬೀಜಗಳೂ ಯೋಗದಿಂದ ಜಾರಿದುವು. 19ನೆಯ ಶತಮಾನದ ಜರ್ಮನ್ ಔಷಧಾಲಯಗಳಲ್ಲಿ ಆಲ್ತೇಯದ ಮುಲಾಮು ಎಂದು ಮಾರುತ್ತಿದ್ದುದು ಹಂದಿಕೊಬ್ಬು, ಮೇಣ, ರಾಳಗಳಿಗೆ ಅರಿಶಿನದ ಬಣ್ಣ ಕೊಟ್ಟದ್ದು. ಹಳದಿ ಉಳಿಯಿತು, ಹೆಸರು 
ಉಳಿಯಿತು, ಗಿಡ ಉಳಿಯಲಿಲ್ಲ.

ಎರಡನೆಯದು ಇಂದಿಗೂ ನಡೆದಿರುವ ಸಂಗತಿ. ಫ್ರಾನ್ಸಿನಲ್ಲಿ ಈ ಬೇರಿನ ಲೋಳೆಯನ್ನು ಸಕ್ಕರೆಯೊಡನೆ ಕಡೆದು ಗಂಟಲಿಗೆ ಹಿತವಾದ ಮಿಠಾಯಿಯನ್ನು ಮಾಡುತ್ತಿದ್ದರು. ಗಿಡದ ಫ್ರೆಂಚ್ ಹೆಸರಾದ ಗಿಮೋವ್ ಎಂಬುದೇ ಮಿಠಾಯಿಗೂ ಬಂದಿತು. 19ನೆಯ ಶತಮಾನದಲ್ಲಿಯೇ ಬೇರನ್ನು ಬಿಟ್ಟು ಗೋಂದು, ಸಕ್ಕರೆ, ಮೊಟ್ಟೆಯ ಬಿಳಿಗಳಿಂದ ಅದನ್ನು ತಯಾರಿಸತೊಡಗಿದರು. ಆಮೇಲೆ ಗೋಂದಿನ ಸ್ಥಾನಕ್ಕೆ ಜೆಲಟಿನ್ ಬಂದಿತು. ಇಂದು ಮಾರ್ಷ್‌ಮ್ಯಾಲೋ ಎಂಬ ಹೆಸರಿನಿಂದ ಭಾರತದ ಅಂಗಡಿಗಳಲ್ಲಿಯೂ ಮಕ್ಕಳ ಕೈಗೆ ಬರುವ ಬಿಳಿ ಮೆತ್ತನೆಯ ಮಿಠಾಯಿಯಲ್ಲಿ ಆ ಗಿಡದ ಅಂಶ ಸಾಮಾನ್ಯವಾಗಿ ಲೇಶವೂ ಇರುವುದಿಲ್ಲ. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಅಂಟು. ಕಡಲಪಾಚಿಯಿಂದ ಬರುವ ಅಗರ್ ಮೊದಲಾದವುಗಳನ್ನು ಹಾಕಿ ಮಾಡಿದ ಸಸ್ಯಾಹಾರಿ ಬಗೆಯೂ ದೊರೆಯುತ್ತದೆ; ಪೊಟ್ಟಣದ ಮೇಲಿನ ಗುರುತಿನ ಬಣ್ಣವನ್ನೂ ಪದಾರ್ಥಗಳ ಪಟ್ಟಿಯನ್ನೂ ನೋಡಿಯೇ ತಿಳಿಯಬೇಕು. ಹೂವಿನ ಹೆಸರನ್ನು ಕೇಳಿ ಸಸ್ಯಜನ್ಯವೆಂದು ನಿಶ್ಚಯಿಸುವುದು ದಂಡವನ್ನು ಕಂಡು ಪುರುಷನನ್ನು ಗುರುತಿಸಿದಂತಾದೀತು. ವ್ರತನಿಷ್ಠರಾದ ಗೃಹಸ್ಥರ ಮನೆಗಳಲ್ಲಿ ಈ ಭ್ರಾಂತಿ ಅಪರೂಪವೇನೂ ಅಲ್ಲ.

ಹಿಬಿಸ್ಕುಮ್ ಎಂಬ ಪರ್ಯಾಯನಾಮದ ಗತಿಯೂ ಹೀಗೆಯೇ ಆಯಿತು. ಒಂದು ಗಿಡಕ್ಕೆ ಎರಡು ಹೆಸರು ಮಿಗಿಲಾದುದರಿಂದ ಲಿನೇಯಸನು ಆಲ್ತೇಯವನ್ನು ಜೌಗಿನ ಗಿಡಕ್ಕೆ ಉಳಿಸಿ, ಹಿಬಿಸ್ಕಸ್ ಎಂಬುದನ್ನು ಅದೇ ಕುಟುಂಬದ ಬೇರೊಂದು ಜಾತಿಗೆ ಕೊಟ್ಟನು. ಕನ್ನಡ ನಾಡಿನ ಹಿತ್ತಿಲುಗಳಲ್ಲಿ ಪೂಜೆಗೆ ಕೊಯ್ಯುವ ಕೆಂಪು ದಾಸವಾಳವು ಸಸ್ಯಶಾಸ್ತ್ರದಲ್ಲಿ ಹೊತ್ತಿರುವುದು ಗ್ರೀಸಿನ ಈ ಜೌಗುಗಿಡದ ಹಳೆಯ ಹೆಸರನ್ನು.

ಇದುವರೆಗೆ ಹೇಳಿದ್ದು ಪಶ್ಚಿಮದ ಶಾಖೆಯ ಮಾತು. ಪೂರ್ವಕ್ಕೆ ಬಂದ ಶಾಖೆಯ ಮೂಲಕ ಈ ಮೂಲಿಕೆ ಭಾರತವನ್ನು ಮುಟ್ಟಿತು. 9ನೆಯ ಶತಮಾನದ ಬಾಗ್ದಾದಿನಲ್ಲಿ ಇಸ್ತಿಫಾನ್ ಇಬ್ನ್ ಬಸೀಲನು ಡಯಾಸ್ಕೊರಿಡೀಸನ ಗ್ರಂಥವನ್ನು ಅರಬ್ಬಿಗೆ ಅನುವಾದಿಸಿದನು. 873ರಲ್ಲಿ ತೀರಿಕೊಂಡ ಮಹಾಪಂಡಿತ ಹುನೈನ್ ಇಬ್ನ್ ಇಸ್‌ಹಾಕನು ಅದನ್ನು ತಿದ್ದಿದನು. ಅರಬ್ಬಿಯಲ್ಲಿ ಸಮಾನಪದ ತಿಳಿಯದ ಕಡೆಗಳಲ್ಲಿ ಇಸ್ತಿಫಾನನು ಊಹೆಯ ಹೆಸರನ್ನು ತುರುಕಲಿಲ್ಲ. ಗ್ರೀಕ್ ಶಬ್ದವನ್ನೇ ಅರಬ್ಬೀ ಲಿಪಿಯಲ್ಲಿ ಬರೆದು, ಮುಂದೆ ಬಲ್ಲವರು ಬಂದು ಬಿಡಿಸಲೆಂದು ಬಿಟ್ಟನು. ಅನುವಾದಕನ ಈ ಸಂಯಮವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಮುಂದೆ 948ರಲ್ಲಿ ಬೈಜಾಂಟಿಯಮಿನ ಚಕ್ರವರ್ತಿಯು ಸ್ಪೇನಿನ ಕಾರ್ಡೊಬಾದ ದೊರೆಗೆ ಸಚಿತ್ರವಾದ ಗ್ರೀಕ್ ಪ್ರತಿಯನ್ನು ಕಾಣಿಕೆಯಾಗಿ ಕಳುಹಿಸಿದನು. ಅಲ್ಲಿ ಗ್ರೀಕ್ ಬಲ್ಲವರಿಲ್ಲದೆ, 951ರಲ್ಲಿ ನಿಕೊಲಸ್ ಎಂಬ ಸಂನ್ಯಾಸಿಯನ್ನು ಕರೆಸಿಕೊಂಡ ಮೇಲೆ, ಉಳಿದ ಹೆಸರುಗಳಲ್ಲಿ ಅನೇಕವು ಬಿಡಿಸಿದುವು. ಆಲ್ತೇಯಕ್ಕೆ ಮಾತ್ರ ಖತ್ಮೀ ಎಂಬ ಅರಬ್ಬೀ ಹೆಸರು ಗೊತ್ತಾಗಿಯೇ ಇತ್ತು.

ಯುನಾನಿ ವೈದ್ಯದೊಡನೆ ಖತ್ಮೀ ಭಾರತಕ್ಕೆ ಬಂದಿತು. ಬೀಜವು ತುಖ್ಮೆ-ಖತ್ಮೀ, ಬೇರು ರೇಷೆ-ಖತ್ಮೀ. ನೆಗಡಿ ಕೆಮ್ಮುಗಳಿಗೆ ಹಕೀಮರು ಕೊಡುವ ಜೋಷಾಂದ ಎಂಬ ಕಷಾಯದಲ್ಲಿ ಅತಿಮಧುರ, ಉನ್ನಾಬ್ ಮೊದಲಾದುವುಗಳೊಡನೆ ಖತ್ಮಿಯ ಬೀಜವೂ ಸೇರುತ್ತದೆ. ಬೀದರ್, ಕಲಬುರಗಿ, ವಿಜಯಪುರಗಳಂಥ ಯುನಾನಿ ಪರಂಪರೆಯ ಊರುಗಳಿಗೆ ಇದು ಹೊಸತಲ್ಲ. ಗ್ರೀಸಿನ ಜೌಗಿನ ಗಿಡವು ಕೆಮ್ಮಿನ ಮದ್ದಾಗಿಯೇ ದಖ್ಖನಿನವರೆಗೆ ಬಂದಿರುವುದು ಗಮನಾರ್ಹ.

ಆದರೆ ಭಾರತದಲ್ಲಿ ಆಲ್ತೇಯವು ಕಾಶ್ಮೀರದಂಥ ತಂಪು ಪ್ರದೇಶಗಳಲ್ಲಿ ಮಾತ್ರ ದೊರೆಯುವುದರಿಂದ, ಖತ್ಮೀ ಎಂಬ ಹೆಸರಿನಲ್ಲಿ ಅನೇಕವೇಳೆ ತೋಟದ ಅಲಂಕಾರದ ಗಿಡವಾದ ಹಾಲಿಹಾಕ್, ಅಂದರೆ ಗುಲ್-ಖೈರಾ, ಸಲ್ಲುತ್ತದೆ. ಎರಡೂ ಸಮೀಪದ ಬಂಧುಗಳು. ನೀರನ್ನು ದಪ್ಪಗೊಳಿಸುವ ಗುಣ ಹಾಲಿಹಾಕಿಗೂ ಉಂಟು. ಬೆಂಡೆಗೂ ಉಂಟೆಂಬುದನ್ನು ಅಡುಗೆ ಮಾಡುವವರೆಲ್ಲ ಬಲ್ಲರು. ಆದುದರಿಂದ ಆತ್ಮಭೂತವೆಂದು ಹಿಂದೆ ಹೇಳಿದ ಈ ಲಕ್ಷಣಕ್ಕೂ ಅತಿವ್ಯಾಪ್ತಿಯ ದೋಷ ತಪ್ಪಿದ್ದಲ್ಲ. ಅದು ಕುಟುಂಬವನ್ನು ತಿಳಿಸುತ್ತದೆ, ಜಾತಿಯನ್ನು ತಿಳಿಸಲಾರದು. ಥಿಯೊಫ್ರಾಸ್ಟಸನ ಹಳದಿ ಹೂವಿನ ಸಂದೇಹವೂ ಇದರಿಂದ ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ನಾರಿನ ಬಿಳಿಯ ಬೇರು, ರೋಮಶವಾದ ದೊಡ್ಡ ಎಲೆ, ಕೆಮ್ಮಿನ ಪ್ರಯೋಗ ಇವೆಲ್ಲವೂ ಕೂಡಿದಾಗ ಮಾತ್ರ ಆಲ್ತೇಯದ ಪಕ್ಷ ಬಲವಾಗುತ್ತದೆ.

ಎರಡು ಗಿಡಗಳ ಭೇದವನ್ನು ಹೂವು ಸ್ಪಷ್ಟವಾಗಿ ಹೇಳುತ್ತದೆ. ಆಲ್ತೇಯದ್ದು ಚಿಕ್ಕ ಹೂ, ಕೇಸರನಾಳ ದುಂಡಗೆ ರೋಮಯುಕ್ತ, ಪರಾಗಕೋಶ ನೇರಳೆಗೆಂಪು. ಹಾಲಿಹಾಕಿನದು ಅಂಗೈಯಗಲದ ಹೂ, ಕೇಸರನಾಳ ಐದು ಮೂಲೆಯದು ನುಣುಪು, ಪರಾಗಕೋಶ ಹಳದಿ. ಗಂಧಿಗೆಯ ಅಂಗಡಿಯಲ್ಲಿ ದೊರೆಯುವುದಾದರೋ ಬೀಜ ಮತ್ತು ಬೇರಿನ ತುಂಡುಗಳು. ತಟ್ಟೆಯ ನೀರಿನಲ್ಲಿ ರಾತ್ರಿ ನೆನೆಯಿಟ್ಟರೆ ಬೆಳಗಿನ ವೇಳೆಗೆ ಎರಡೂ ಒಂದೇ ರೀತಿಯಲ್ಲಿ ಲೋಳೆಗಟ್ಟಿರುತ್ತವೆ.